ಕಂಡುಹಿಡಿದವರ ಪುಸ್ತಕ ಓದಿಸಿದ್ರೆ ಮಕ್ಳು "ಎಲ್ಲಾ ಮುಗ್ದೋಯ್ತಲ್ಲ ಸಾರ್" ಅಂತಾರೆ, ನೀವೆಲ್ಲ ಹೇಗೆ ಓದಿಸ್ತೀರಿ?

ಬಯಲುಸೀಮೆ ಮೇಷ್ಟ್ರು:

ಎಲ್ರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಲಿ ಆರು ಏಳನೇ ಕ್ಲಾಸಿಗೆ ವಿಜ್ಞಾನ, ಗಣಿತ ತಗೋತೀನಿ. ಹೋದ ವರ್ಷ ನಮ್ಮ ಶಾಲೆಯ ಹಳೇ ವಿದ್ಯಾರ್ಥಿಯೊಬ್ರು ಒಂದು ಡಬ್ಬ ತುಂಬ ಪುಸ್ತಕ ತಂದುಕೊಟ್ರು, ಅದ್ರಲ್ಲಿ ಇಪ್ಪತ್ತು ಇಪ್ಪತ್ತೈದು ಸಣ್ಣ ಪುಸ್ತಕ ಬರೀ ಏನಾದ್ರೂ ಕಂಡುಹಿಡಿದವರ ಕಥೆಗಳೇ, ಎಡಿಸನ್, ಗ್ರಹಾಂ ಬೆಲ್, ರೈಟ್ ಸಹೋದರರು, ನಮ್ಮ ವಿಶ್ವೇಶ್ವರಯ್ಯನವರು, ಜಗದೀಶಚಂದ್ರ ಬೋಸರು, ಹೀಗೆ. ಚಿತ್ರಗಳೂ ಚೆನ್ನಾಗಿವೆ, ಅಕ್ಷರನೂ ದಪ್ಪ ಇದೆ, ನಂಗೆ ಬಹಳ ಖುಷಿಯಾಗಿ ವಾರಕ್ಕೆ ಎರಡು ಪಿರಿಯಡ್ ಅದಕ್ಕೇ ಅಂತ ಇಟ್ಕೊಂಡೆ.

ಮಕ್ಳು ಓದ್ತಾರೆ, ಓದಲ್ಲ ಅಂತಲ್ಲ. ಆದ್ರೆ ಓದಿದ್ಮೇಲೆ ಏನ್ ಅನ್ನಿಸ್ತು ಬರೀರಿ ಅಂದ್ರೆ ಎಲ್ರದ್ದೂ ಒಂದೇ ಥರ ಬರುತ್ತೆ: ಇವರು ಇಂಥಾ ಊರಲ್ಲಿ ಹುಟ್ಟಿದರು, ಬಡತನ ಇತ್ತು, ಕಷ್ಟಪಟ್ಟು ಓದಿದರು, ಇಂಥದ್ದು ಕಂಡುಹಿಡಿದರು, ಇಂಥಾ ವರ್ಷ ತೀರಿಕೊಂಡರು. ಕಿರುಪರಿಚಯದ ಪ್ರಶ್ನೆಗೆ ಉತ್ತರ ಬರೆದ ಹಾಗೆ. ಹೋದ ವಾರ ನಾನು ಸುಮ್ನೆ ಕೇಳ್ದೆ, ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ಹೊಸದು ಮಾಡ್ಬೇಕು ಅನ್ನಿಸುತ್ತಾ ಅಂತ. ಯಾರೂ ಮಾತಾಡ್ಲಿಲ್ಲ. ಕೊನೇ ಬೆಂಚಿನ ಹುಡುಗಿಯೊಬ್ಳು ನಿಧಾನಕ್ಕೆ ಎದ್ದು "ಎಲ್ಲಾ ಅವ್ರೇ ಕಂಡುಹಿಡ್ದು ಮುಗ್ಸಿಬಿಟ್ಟಿದಾರಲ್ಲ ಸಾರ್, ಇನ್ನೇನ್ ಉಳ್ದಿದೆ" ಅಂದ್ಳು. ಅವಳು ತಮಾಷೆ ಮಾಡ್ಲಿಲ್ಲ, ನಿಜವಾಗ್ಲೂ ಹಾಗೇ ಅಂದ್ಕೊಂಡಿದಾಳೆ. ಅವತ್ತು ಮನೆಗೆ ಬಂದು ರಾತ್ರಿಯೆಲ್ಲ ಅದೇ ಯೋಚನೆ ನಂಗೆ, ಮಕ್ಳಿಗೆ ಧೈರ್ಯ ಬರ್ಲಿ ಅಂತ ಓದಿಸ್ತಿರೋ ಪುಸ್ತಕ ಇದ್ದ ಧೈರ್ಯನೂ ತೆಗೀತಿದೆಯಾ ಅಂತ. ಈ ಥರ ಪುಸ್ತಕಗಳನ್ನ ಕ್ಲಾಸಲ್ಲಿ ಬಳಸಿದವರು ಇದ್ರೆ ದಯವಿಟ್ಟು ಹೇಳಿ, ನೀವು ಏನ್ ಮಾಡ್ತೀರಿ, ಯಾವ ಕಥೆ ಕೆಲಸ ಮಾಡ್ತು, ಯಾವುದು ಮಾಡ್ಲಿಲ್ಲ.

ಕಪ್ಪತಗುಡ್ಡ:

ಸರ್ ನಮಸ್ಕಾರ್ರಿ, ನಾ ಗದಗ ಜಿಲ್ಲೆಯವ. ನಿಮ್ಮ ಹುಡುಗಿ ಹೇಳಿದ್ದನ್ನ ನಮ್ಮ ಸಾಲ್ಯಾಗೂ ಕೇಳೇನ್ರಿ, ಬ್ಯಾರೆ ಮಾತಿನ್ಯಾಗ. ನಮ್ಮ ಹುಡುಗ್ರು "ಅವ್ರು ಫಾರಿನ್ನಿನವ್ರು ರೀ ಸರ್" ಅಂತಿದ್ರು, ಅಂದ್ರ ಅಲ್ಲಿಗೆ ಮುಗೀತು ಅಂತ.

ನನಗ ಕೆಲಸಕ್ಕ ಬಂದದ್ದು ವಿಲಿಯಂ ಕಾಂಕ್ವಾಂಬಾನ ಕಥಿ. ಆಫ್ರಿಕಾದ ಮಲಾವಿ ದೇಶದಾಗ 2001ರ ಹೊತ್ತಿಗೆ ದೊಡ್ಡ ಬರ ಬಿತ್ತು, ಗೋವಿನಜೋಳ ಬೆಳಿಯೋ ಮನಿತನ ಇವರದು, ಫೀ ಕಟ್ಟಾಕ ಆಗದ ಹುಡುಗ ಸಾಲಿ ಬಿಟ್ಟ. ಆವಾಗ ಅವಗ 14 ವರ್ಷ. ಸಾಲಿ ಬಿಟ್ಟರೂ ಊರಾಗಿನ ಸಣ್ಣ ಲೈಬ್ರರಿಗೆ ಹೋಗೂದು ಬಿಡಲಿಲ್ಲ, ಅಲ್ಲಿ ಶಕ್ತಿಯ ಬಗ್ಗೆ ಒಂದು ಇಂಗ್ಲಿಷ್ ಪಾಠಪುಸ್ತಕ ಸಿಕ್ತು, ಮುಖಪುಟದಾಗ ಸಾಲಾಗಿ ನಿಂತ ಗಾಳಿಯಂತ್ರದ ಚಿತ್ರ. ಅವಗ ಇಂಗ್ಲಿಷ್ ಸರಿಯಾಗಿ ಬರತಿರಲಿಲ್ಲ ನೋಡ್ರಿ, ಚಿತ್ರ ನೋಡಿ, ಚಿತ್ರದ ಕೆಳಗಿನ ಶಬ್ದ ಒಂದೊಂದ ಹುಡುಕಿ ತಿಳಕೊಂಡ. ಗುಜರಿ ಒಳಗ ಬಿದ್ದ ಟ್ರ್ಯಾಕ್ಟರ್ ಫ್ಯಾನು, ಮುರಕ ಸೈಕಲ್, ಪಿವಿಸಿ ಪೈಪ್ ಸೀಳಿ ಕಾಸಿ ಚಪ್ಪಟಿ ಮಾಡಿದ ರೆಕ್ಕಿ, ನೀಲಗಿರಿ ಕಟಗಿ ಗೋಪುರ, ಒಂದು ಸೈಕಲ್ ಡೈನಮೊ. ಊರ ಮಂದಿ ಹುಡುಗಗ ಹುಚ್ಚು ಹಿಡದೈತಿ ಅಂತ ಮಾತಾಡಿಕೊಂಡ್ರು. ಒಂದಿನ ಎಲ್ಲಾರ ಮುಂದ ಗೋಪುರ ಏರಿ ಚಕ್ರ ಬಿಟ್ಟ, ಬಲ್ಬು ಹತ್ತಿತು.

ನಮ್ಮೂರಿಂದ ಕಣ್ಣು ಎತ್ತಿದ್ರ ಕಪ್ಪತಗುಡ್ಡದ ಮ್ಯಾಲ ಗಾಳಿ ಫ್ಯಾನು ಕಾಣಸ್ತಾವ್ರಿ, ಹುಡುಗ್ರು ಹುಟ್ಟಿದಾಗಿಂದ ನೋಡಿಕೋತ ಬಂದಾರ, ಅದು ಹ್ಯಾಂಗ ಕರೆಂಟ್ ಮಾಡತೈತಿ ಅಂತ ಒಬ್ಬರೂ ಕೇಳಿರಲಿಲ್ಲ. ನಾ ಏನ ಮಾಡಿದೆ ಅಂದ್ರ, ಕಥಿಯನ್ನ ಡೈನಮೊ ಸಿಗೂ ಮಟ ಓದಿ ಪುಸ್ತಕ ಮುಚ್ಚಿಬಿಟ್ಟೆ. ಸೈಕಲ್ ಶಾಪ್‌ನ್ಯಾಗ ಧೂಳ ಹಿಡದ ಹಳೆ ಡೈನಮೊ ಒಂದು ಸಿಕ್ಕಿತ್ತು, ನನ್ನ ಸೈಕಲ್ ತಲಿಕೆಳಗ ಮಾಡಿ ಕ್ಲಾಸಿನ ನಡುವ ಇಟ್ಟು, ಡೈನಮೊ ಗಾಲಿಗೆ ತಾಗಿಸಿ, ಒಂದು ಸಣ್ಣ ಬಲ್ಬ್ ಜೋಡಿಸಿ ಕಿಟಕಿ ಮುಚ್ಚಿದೆ. ಪೆಡಲ್ ಒಬ್ಬ ಹುಡುಗನ ಕೈಗೆ ಕೊಟ್ಟೆ. ನಿಧಾನ ತಿರುವಿದಾಗ ಬಲ್ಬಿನ ತಂತಿ ಬರೇ ಕೆಂಪಾತು, ಜೋರ ಮಾಡಿದ್ಮ್ಯಾಲೆ ಬೆಳಕು ಗ್ವಾಡಿಗೆ ಬಿತ್ತು. ಆ ಕತ್ತಲಾಗ ನಲವತ್ತು ಹುಡುಗ್ರು ಕೂಡೇ "ಹೋ" ಅಂದದ್ದು ನನ್ನ ಕಿವಿಯಾಗ ಇನ್ನೂ ಐತ್ರಿ. ಆಮ್ಯಾಲೆ ಪೆಡಲ್ ತಿರುವಿದ ಹುಡುಗನೇ ಕೇಳಿದ, "ಸರ್ ಕೈ ನೋಯ್ತತಿ, ಇದನ್ನ ಗಾಳಿ ಕಡೆಯಿಂದ ಮಾಡಿಸಾಕ ಬರತೈತೇನ್ರಿ?" ಅಂತ. ಕಥಿ ಮುಂದ ಓದಿದ್ದಿಲ್ಲ ನಾವು ಇನ್ನೂ! ಅವ ತಾನ ಅಲ್ಲಿಗೆ ಬಂದ. ಮರುದಿನ ಇನ್ನೊಬ್ಬ, ಗಾಳಿ ನಿಂತ್ರ ಏನ ಮಾಡೂದು ಅಂದ. ಅದಕ್ಕ ಉತ್ತರ ಪುಸ್ತಕದಾಗ ಐತಿ, ಮುಂದ ವಿಲಿಯಂ ಕಾರಿನ ಬ್ಯಾಟರಿ ತಂದು ಅದ್ರಾಗ ಕರೆಂಟ್ ಕೂಡಿಡತಾನ, ಆದ್ರ ನಾ ಹೇಳಲಿಲ್ಲ, ಎರಡು ದಿನ ಬಿಟ್ಟೆ.

ನನ್ನ ಅನುಭವ ಇಷ್ಟ ಸರ್: ಪೂರ್ತಿ ಕಥಿ ಒಂದೇ ಸಲ ಓದಬ್ಯಾಡ್ರಿ. ತೊಂದರಿ ಬಂದಲ್ಲಿ ನಿಲ್ಲಸ್ರಿ, ಅವನ ಮುಂದ ಏನ ಸಾಮಾನು ಇತ್ತೋ ಅದನ್ನ ಹುಡುಗ್ರ ಮುಂದ ಇಡ್ರಿ.

ಅರಿವು ಕೇಂದ್ರದ ಅಕ್ಕ:

ನಾನು ಮಂಡ್ಯ ಕಡೆ ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೊತೀನಿ, ಸಂಜೆ ನಾಲ್ಕೂವರೆ ಆದ್ಮೇಲೆ ನಮ್ಮಲ್ಲಿ ಮಕ್ಳದ್ದೇ ರಾಜ್ಯ. ಗದಗದ ಸರ್ ಹೇಳಿದ್ದು ಓದಿ ಮೈ ಜುಮ್ ಅಂತು. ಆದ್ರೂ ನಂದೊಂದು ಬೇರೆ ಮಾತಿದೆ, ಬೇಜಾರ್ ಮಾಡ್ಕೋಬೇಡಿ. ಎಲ್ಲಾ ಪುಸ್ತಕನೂ ಪ್ರಾಜೆಕ್ಟ್ ಆಗಬಾರ್ದು ಸರ್. ಓದಿದ್ ತಕ್ಷಣ ಬರೀರಿ, ಮಾಡಿ ತೋರ್ಸಿ ಅಂದ್ರೆ ಮಕ್ಳಿಗೆ ಪುಸ್ತಕ ಅಂದ್ರೆ ಕೆಲಸ ಅಂತ ಆಗೋಗುತ್ತೆ. ನಮ್ಮಲ್ಲಿ ಒಬ್ಬ ಐದನೇ ಕ್ಲಾಸ್ ಹುಡುಗ ರೈಟ್ ಸಹೋದರರ ಪುಸ್ತಕನ ಒಂಬತ್ತು ಸಲ ತಗೊಂಡ್ ಹೋಗಿದಾನೆ, ರಿಜಿಸ್ಟರ್‌ನಲ್ಲಿ ಅವನ ಹೆಸರೇ ಇದೆ ಸಾಲಾಗಿ. ನಾನು ಒಂದು ದಿನಾನೂ ಅವನ್ನ ಏನ್ ಕಲ್ತೆ ಅಂತ ಕೇಳಿಲ್ಲ. ಅವನ ಒಳಗೆ ಏನ್ ನಡೀತಿದೆಯೋ ನಡೀಲಿ ಅಂತ ಬಿಟ್ಟಿದೀನಿ. ನೀವು ಆ "ಏನ್ ಅನ್ನಿಸ್ತು ಬರೀರಿ" ಅನ್ನೋದನ್ನ ಒಂದು ತಿಂಗಳು ಬಿಟ್ಟು ನೋಡಿ, ಹುಟ್ಟಿದ್ದು ಸತ್ತಿದ್ದು ಬರೆಯೋದು ತಾನೇ ನಿಲ್ಲುತ್ತೆ.

ಇನ್ನೊಂದು ವಿಷಯ, ಇದು ನಂಗೆ ತುಂಬಾ ಮುಖ್ಯ. ಎಡಿಸನ್ ತಾಯಿಯ ಕಾಗದದ ಕಥೆ ವಾಟ್ಸಪ್‌ನಲ್ಲಿ ಎಲ್ರಿಗೂ ಬಂದಿರುತ್ತೆ, ಟೀಚರ್ ಕೊಟ್ಟ ಕಾಗದ ನೋಡಿ ತಾಯಿ ಅಳ್ತಾ "ನಿಮ್ಮ ಮಗ ಮಹಾಮೇಧಾವಿ, ಅವನಿಗೆ ಕಲಿಸೋ ಯೋಗ್ಯತೆ ನಮ್ಮ ಶಾಲೆಗಿಲ್ಲ" ಅಂತ ಓದಿ ಹೇಳಿದ್ಳು, ಎಷ್ಟೋ ವರ್ಷ ಆದ್ಮೇಲೆ ಎಡಿಸನ್ ನೋಡಿದ್ರೆ ಅದ್ರಲ್ಲಿ ಬೇರೆ ಏನೋ ಬರೆದಿತ್ತು ಅಂತ. ಅದು ನಿಜ ಅಲ್ಲ, ದಯವಿಟ್ಟು ಕ್ಲಾಸಲ್ಲಿ ಹೇಳ್ಬೇಡಿ. ಎಡಿಸನ್ ತಾನೇ ಹೇಳ್ಕೊಂಡಿದ್ದು ಏನಂದ್ರೆ, ಇವನ ತಲೆ ಸರಿಯಿಲ್ಲ ಅಂತ ಮೇಷ್ಟ್ರು ಹೇಳಿದ್ದು ಅವನ ಕಿವಿಗೇ ಬಿತ್ತು, ಅಳ್ತಾ ಮನೆಗೆ ಹೋದ, ತಾಯಿ ಅವನನ್ನ ಶಾಲೆ ಬಿಡಿಸಿ ಮನೇಲೇ ಕಲಿಸಿದ್ಳು. ಆ ಮಾತು ಕೇಳಿಸ್ಕೊಂಡೂ ಎದ್ದು ನಿಂತ ಅನ್ನೋದು ಸುಳ್ಳು ಕಾಗದದ ಕಥೆಗಿಂತ ದೊಡ್ಡದು ಅಲ್ವಾ, ಯಾಕಂದ್ರೆ ಅಂಥಾ ಮಾತು ಕೇಳಿಸ್ಕೊಂಡ ಮಕ್ಳು ನಮ್ಮ ಮುಂದೇನೇ ಕೂತಿರ್ತಾರೆ.

ಬಲ್ಬಿನ ಕಥೇನೂ ಹಾಗೇ. ಒಬ್ಬನೇ ಕೂತು ಮಾಡ್ದ ಅನ್ನೋ ಥರ ಇರುತ್ತೆ ಪುಸ್ತಕದಲ್ಲಿ. ಮೆನ್ಲೊ ಪಾರ್ಕ್ ಅನ್ನೋ ಊರಿನ ಎಡಿಸನ್ ಲ್ಯಾಬಲ್ಲಿ ಅವನ ಜೊತೆ ದೊಡ್ಡ ತಂಡ ಇತ್ತು, ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಅದೇ ಕಾಲಕ್ಕೆ ಅದೇ ಕೆಲಸ ಮಾಡ್ತಿದ್ದ, 1879ರಲ್ಲಿ ಎಡಿಸನ್ ತಂಡದ ಬಲ್ಬು ಸುಟ್ಟು ಕರಿ ಮಾಡಿದ ಹತ್ತಿ ದಾರದಿಂದ ಉರೀತು, ಆಮೇಲೆ ಬಿದಿರಿನ ಎಳೆ ಅದಕ್ಕಿಂತ ಬಾಳಿಕೆ ಬಂತು. ಇದನ್ನ ಹೇಳಿದ್ರೆ ಮಕ್ಳಿಗೆ ಇದು ದೇವ್ರು ಮಾಡಿದ್ದಲ್ಲ, ಜನ ಸೇರ್ಕೊಂಡು ಮಾಡಿದ್ದು ಅಂತ ಗೊತ್ತಾಗುತ್ತೆ.

ಅಣ್ಣಿಗೇರಿ ಹತ್ರದವ:

ಫಾರಿನ್ ಅನ್ನೂ ಮಾತಿಗೆ ನನ್ನ ಉತ್ತರ ನಮ್ಮ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು. ಧಾರವಾಡ ಜಿಲ್ಲೆಯ ರೈತರು, 2022ರಾಗ ಪದ್ಮಶ್ರೀ ಬಂತು. ಬಿತ್ತೂ ಕೂರಿಗಿ, ಕಬ್ಬು ಹಚ್ಚೂ ಯಂತ್ರ ಎಲ್ಲಾ ಮಾಡ್ಯಾರ. ಆದ್ರ ಹುಡುಗ್ರಿಗೆ ನಾ ಅದನ್ನ ಹೇಳೂದಿಲ್ರಿ ಮೊದಲ. ಮೊದಲ ಹೇಳೂದು ಅವರು ಸಣ್ಣವರಿದ್ದಾಗ ಮಾಡಿದ ಅಲಾರಂ. ಮುಂಜಾನೆ ಏಳಾಕ ಆಗತಿರಲಿಲ್ಲ, ಅಲಾರಂ ಹೊಡದ್ರೂ ಎಚ್ಚರ ಆಗತಿರಲಿಲ್ಲ, ಅದಕ್ಕ ಅಲಾರಂ ಗಡಿಯಾರದ ಕೀಲಿಗೆ ಒಂದು ಸಣ್ಣ ಹಗ್ಗ ಕಟ್ಟಿ ಅದರ ಇನ್ನೊಂದು ತುದಿ ನೀರಿನ ಬಾಟ್ಲಿಗೆ ಕಟ್ಟಿದ್ರು. ಅಲಾರಂ ಹೊಡಿಯೂ ಮುಂದ ಕೀಲಿ ತಿರುಗತೈತಲ್ಲ, ಹಗ್ಗ ಸುತಗೊಂಡು ಬಾಟ್ಲಿ ವಾಲಿ ನೀರು ಮುಖದ ಮ್ಯಾಲ!

ಇದನ್ನ ಕೇಳಿ ನಗದ ಹುಡುಗ ಇಲ್ಲ. ನಕ್ಕು ಆದ ಕೂಡಲೇ ಚಿತ್ರ ತಗಿತಾರ, ಹಗ್ಗ ಎಲ್ಲಿ, ಬಾಟ್ಲಿ ಎಷ್ಟು ಎತ್ತರ ಅಂತ ಜಗಳ ಚಾಲೂ. ಮತ್ತ ಸರ್, ನೀವು ತುಮಕೂರಿನವರು, ನಿಮ್ಮ ಕಡೆ ಹುಣಸಿ ಬಾಳ. ನಡಕಟ್ಟಿನವರು ಹುಣಸಿಹಣ್ಣಿನ ಬೀಜ ಬ್ಯಾರೆ ಮಾಡೂ ಯಂತ್ರಾನೂ ಮಾಡ್ಯಾರ. ನಿಮ್ಮ ಹುಡುಗ್ರ ಮನ್ಯಾಗ ಹುಣಸಿ ಜಜ್ಜೂ ಕೆಲಸ ಇದ್ದೇ ಇರತದ, ಅಲ್ಲಿಂದ ಶುರು ಮಾಡಿ ನೋಡ್ರಿ.

ಚಾಮುಂಡಿ ತಪ್ಪಲು:

ಮೈಸೂರಿಂದ. ಅರಿವು ಕೇಂದ್ರದ ಮೇಡಂ ಹೇಳಿದ್ದು ಅರ್ಧ ಒಪ್ತೀನಿ, ಅರ್ಧ ಇಲ್ಲ. ಓದೋ ಮಗು ಓದ್ಕೊಳ್ಳುತ್ತೆ ಸರಿ, ಆದ್ರೆ ಕ್ಲಾಸಲ್ಲಿ ಅರ್ಧಕ್ಕರ್ಧ ಮಕ್ಳಿಗೆ ಓದೋದೇ ಕಷ್ಟ ಇರುತ್ತೆ, ಅವ್ರು ಕೈಯಿಂದಾನೇ ಕಥೆ ಒಳಗೆ ಹೋಗ್ಬೇಕು. ರೈಟ್ ಸಹೋದರರ ಪುಸ್ತಕ ನಿಮ್ ಹತ್ರ ಇದೆ ಅಂದ್ರಲ್ಲ, ಒಂದು ಕೆಲಸ ಮಾಡಿ, ಖರ್ಚೇ ಇಲ್ಲ. 1903 ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಮಕ್ಳ ಕೈಗೆ ಟೇಪ್ ಕೊಟ್ಟು ಫೀಲ್ಡಲ್ಲಿ 120 ಅಡಿ ಅಳೆದು ಸುಣ್ಣದ ಪುಡಿಯಲ್ಲಿ ಗೆರೆ ಹಾಕ್ಸಿ. ನಮ್ಮ ಮಕ್ಳು ಗೆರೆ ನೋಡಿ "ಇಷ್ಟೇನಾ ಮಿಸ್" ಅಂದ್ರು, ನಾನು ಓಡ್ತೀನಿ ನಾನು ಓಡ್ತೀನಿ ಅಂತ ಓಡಿ ಎಲ್ರೂ 12 ಸೆಕೆಂಡಿನ ಒಳಗೇ ಮುಟ್ಟಿದ್ರು. ಅವತ್ತೇ ನಾಲ್ಕನೇ ಸಲ ಹಾರಿದಾಗ 59 ಸೆಕೆಂಡು, 852 ಅಡಿ ಅಂತ ಹೇಳ್ದೆ, ಟೇಪ್ ಹಿಡ್ಕೊಂಡು ಹೋದ್ರು, ಗೇಟ್ ದಾಟಿ ರೋಡಿಗೆ ಬಂದ್ರೂ ಮುಗೀಲಿಲ್ಲ. ವಿಮಾನ ಅಂದ್ರೆ ಆಕಾಶದಲ್ಲಿ ಹೋಗೋ ದೊಡ್ಡದು ಅಂದ್ಕೊಂಡವ್ರಿಗೆ ಅದು ನಮ್ಮ ಫೀಲ್ಡಿನಷ್ಟು ಜಾಗದಲ್ಲಿ ಶುರುವಾಯ್ತು ಅಂತ ಕಾಲಿಗೇ ಗೊತ್ತಾಯ್ತು.

ಹೆಣ್ಮಕ್ಳಿಗೆ ಮಾರ್ಗರೆಟ್ ನೈಟ್ ಕಥೆ ಹೇಳಿ. ಅಮೆರಿಕದ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡ್ತಿದ್ದ ಹುಡುಗಿ, 12 ವರ್ಷಕ್ಕೇ, ಮಗ್ಗದ ಲಾಳಿ ಸಿಡಿದು ಕೆಲಸದವರಿಗೆ ಪೆಟ್ಟಾಗಿದ್ದು ನೋಡಿ ಅದಕ್ಕೊಂದು ತಡೆ ಯೋಚಿಸಿದ್ಳು. ದೊಡ್ಡವಳಾದ್ಮೇಲೆ ತಳ ಚಪ್ಪಟೆ ಇರೋ ಪೇಪರ್ ಬ್ಯಾಗ್ ಮಾಡೋ ಮಷಿನ್ ಮಾಡಿದ್ಳು, ಒಬ್ಬ ಅದನ್ನ ಕದ್ದು ತನ್ನ ಹೆಸ್ರಿಗೆ ಪೇಟೆಂಟ್ ಹಾಕಿದ, ಹೆಂಗಸಿಗೆ ಇಷ್ಟು ದೊಡ್ಡ ಮಷಿನ್ ಎಲ್ಲಿ ಅರ್ಥ ಆಗ್ಬೇಕು ಅಂತ ಅವನು ವಾದ ಮಾಡಿದ ಅಂತ ಹೇಳ್ತಾರೆ. ಅವಳು ತನ್ನ ನಕ್ಷೆ, ಡೈರಿ ಎಲ್ಲಾ ಕೋರ್ಟಿಗೆ ತಂದು ಗೆದ್ದಳು, 1871ರಲ್ಲಿ ಪೇಟೆಂಟ್ ಅವಳಿಗೇ ಬಂತು. ಅದಾದ್ಮೇಲೆ ನಮ್ಮ ಕ್ಲಾಸಿನ ಹುಡುಗೀರು ಏನ್ ಚಿತ್ರ ಬರೆದ್ರೂ ಕೆಳಗೆ ತಾರೀಖು ಹಾಕಿ ಸೈನ್ ಮಾಡ್ತಾರೆ.

ಕಡಲತಡಿ:

ನಾನು ಉಡುಪಿ ಜಿಲ್ಲೆಯಲ್ಲಿ ಬಿಐಇಆರ್‌ಟಿ, ವಿಶೇಷ ಅಗತ್ಯದ ಮಕ್ಕಳ ಜೊತೆ ಕೆಲಸ. ನಾನು ಹೋಗುವ ಶಾಲೆಯೊಂದರಲ್ಲಿ ದೃಷ್ಟಿ ಇಲ್ಲದ ಹುಡುಗಿ ಒಬ್ಬಳು ಉಂಟು, ಎಲ್ಲರ ಜೊತೆಗೇ ಕೂರ್ತಾಳೆ. ಅವಳ ಕ್ಲಾಸಿಗೆ ಲೂಯಿ ಬ್ರೈಲ್ ಕಥೆ ಹೇಳಬೇಕು ಅಂತ ನನಗೆ ಮೊದಲಿಂದ ಆಸೆ, ಆದರೆ ಅವಳಿಗೆ ಬೇಸರ ಆದೀತಾ ಅಂತ ಹೆದರಿಕೆಯೂ ಇತ್ತು. ಅವಳನ್ನೇ ಕೇಳಿದೆ. "ಹೇಳಿ ಟೀಚರ್, ಅವರಿಗೂ ಗೊತ್ತಾಗಲಿ" ಅಂದಳು.

ಬ್ರೈಲ್ ಫ್ರಾನ್ಸಿನವ, 1809ರಲ್ಲಿ ಹುಟ್ಟಿದ್ದು. ಅಪ್ಪನದ್ದು ಕುದುರೆಗೆ ಜೀನು, ಚರ್ಮದ ಪಟ್ಟಿ ಹೊಲಿಯುವ ಕೆಲಸ. ಮೂರು ವರ್ಷದ ಮಗು ಅಪ್ಪನ ಅಂಗಡಿಯಲ್ಲಿ ಚರ್ಮ ತೂತು ಮಾಡುವ ದಬ್ಬಣದಂಥ ಸಲಕರಣೆ ಹಿಡಿದು ಆಡುವಾಗ ಅದು ಕಣ್ಣಿಗೆ ಚುಚ್ಚಿತು, ಸೋಂಕು ಇನ್ನೊಂದು ಕಣ್ಣಿಗೂ ಹೋಯಿತು. ಹತ್ತು ವರ್ಷಕ್ಕೆ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಹೋದ. ಬೆರಳಿನಿಂದ ಮುಟ್ಟಿ ಓದಲಿಕ್ಕೆ ಅಂತ ಚಾರ್ಲ್ಸ್ ಬಾರ್ಬಿಯೆ ಎಂಬವರು 12 ಚುಕ್ಕಿಯ ಒಂದು ಕ್ರಮ ಮಾಡಿದ್ದರು, ಅದು ಬೆರಳ ತುದಿಗೆ ಒಮ್ಮೆಗೇ ಸಿಗುವುದಿಲ್ಲ, ದೊಡ್ಡದಾಗ್ತದೆ. ಇವ ಅದನ್ನು ಆರು ಚುಕ್ಕಿಗೆ ಇಳಿಸಿದ. ಆಗ ಅವನಿಗೆ 15 ವರ್ಷ ಮಾರಾಯ್ರೆ, ನಮ್ಮ ಹತ್ತನೇ ಕ್ಲಾಸಿನ ಮಕ್ಕಳ ಪ್ರಾಯ! ಅವನ ಶಾಲೆಯೇ ಅದನ್ನು ಅಧಿಕೃತವಾಗಿ ಒಪ್ಪಿದ್ದು ಅವ ತೀರಿಹೋಗಿ ಎರಡು ವರ್ಷ ಆದ ಮೇಲೆ, 1854ರಲ್ಲಿ.

ಕಥೆ ಮುಗಿಸಿ ನಾನು ಕೂತೆ, ಪಾಠ ಅವಳೇ ಮಾಡಿದಳು. ಆರು ಚುಕ್ಕಿಯಲ್ಲಿ ಕ ಅಂದರೆ 1, 3ನೇ ಚುಕ್ಕಿ. ಮ ಅಂದರೆ 1, 3, 4. ಲ ಅಂದರೆ 1, 2, 3. ದಪ್ಪ ಕಾಗದ, ಬ್ರೈಲ್ ಸ್ಲೇಟು, ಸ್ಟೈಲಸ್ ಕೊಟ್ಟು ಎಲ್ಲರ ಹತ್ತಿರ "ಕಮಲ" ಬರೆಸಿದಳು. ಚುಚ್ಚುವುದು ಬಲದಿಂದ ಎಡಕ್ಕೆ, ಓದುವುದು ಕಾಗದ ತಿರುಗಿಸಿ ಎಡದಿಂದ ಬಲಕ್ಕೆ, ಹಾಗಾಗಿ ಮೊದಲ ಸಲ ಎಲ್ಲರದ್ದೂ ಉಲ್ಟಾ. ಅವಳು ಒಬ್ಬೊಬ್ಬರ ಕಾಗದದ ಮೇಲೆ ಬೆರಳಾಡಿಸಿ "ಇದು ತಪ್ಪು, ಪುನಃ ಬರಿ" ಅಂತ ಹೇಳ್ತಿದ್ದಳು, ಕ್ಲಾಸಿನ ಫಸ್ಟ್ ಬರುವ ಹುಡುಗನೂ ಅವಳ ಮುಂದೆ ಕಾಗದ ಹಿಡಿದು ನಿಂತಿದ್ದ. ಅಲ್ಲಿಂದ ಮೇಲೆ ಆ ಕ್ಲಾಸಿನಲ್ಲಿ ಕಣ್ಣಿಗೆ ಗುರಿಯಿಟ್ಟು ಪೆನ್ಸಿಲ್ ಎಸೆಯುವ ಆಟವೂ ನಿಂತಿತು, ನಾವು ಎಷ್ಟೋ ಸಲ ಬೈದು ನಿಲ್ಲಿಸಲಿಕ್ಕೆ ಆಗದ್ದು.

ಕಪ್ಪತಗುಡ್ಡ:

ಮೇಡಂ ಕಣ್ಣಾಗ ನೀರು ಬಂತ್ರಿ. ನಾಳೆನ ನಮ್ಮ ಬ್ಲಾಕಿನ ಬಿಐಇಆರ್‌ಟಿ ಅವರಿಗೆ ಫೋನ್ ಮಾಡತೇನಿ.

ತುಮಕೂರಿನ ಸರ್, ಒಂದು ಮಾತು ಬಿಟ್ಟಿದ್ದೆ. ಹುಡುಗ್ರಿಂದ ಏನರ ಛಲೋ ವಿಚಾರ ಬಂತಂದ್ರ ಇನ್‌ಸ್ಪೈರ್ ಮಾನಕ್ ಅಂತ ಸಾಲಿ ಹುಡುಗ್ರ ಹೊಸ ವಿಚಾರಕ್ಕ ಕೇಂದ್ರ ಸರ್ಕಾರದ ಯೋಜನೆ ಐತಿ, ಅದಕ್ಕ ಹಾಕ್ರಿ, ಆರನೇ ಕ್ಲಾಸಿಂದ ಹಾಕಬಹುದು, ಆಯ್ಕೆ ಆದ್ರ ಮಾದರಿ ಮಾಡಾಕ 10,000 ರೂಪಾಯಿ ಮಗುವಿನ ಖಾತೆಗೇ ಬರತೈತಿ. ಆದ್ರ ವಿಚಾರ ಮಗುಂದ ಇರಬೇಕ್ರಿ. ಯೂಟ್ಯೂಬ್ ನೋಡಿ ಮಾಸ್ತರ ಮಾಡಿದ ಮಾಡೆಲ್ ಹುಡುಗನ ಕೈಗೆ ಕೊಟ್ಟು ನಿಂದ್ರಸೂದು ನಾ ಬಾಳ ಕಡೆ ನೋಡೇನಿ, ಅದರಿಂದ ಮಗೂಗ ಏನೂ ಸಿಗೂದಿಲ್ಲ. ಪುಸ್ತಕ ಕಮ್ಮಿ ಬಿದ್ರ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನ್ಯಾಗ ಕನ್ನಡದ ಪುಸ್ತಕ ಪುಕ್ಕಟೆ ಸಿಗತಾವ, ಪ್ರಿಂಟೂ ಹೊಡಕೋಬಹುದು.

ಬಯಲುಸೀಮೆ ಮೇಷ್ಟ್ರು:

ಎರಡು ವಾರ ಆಯ್ತು, ಉತ್ತರ ಬರೆಯೋದು ತಡವಾಯ್ತು, ಕ್ಷಮಿಸಿ. ನೀವೆಲ್ಲ ಬರೆದಿದ್ದನ್ನ ಎರಡೆರಡು ಸಲ ಓದಿದೆ. ಮೊದ್ಲು ಬರೆಸೋದು ನಿಲ್ಸಿದೆ ಅರಿವು ಕೇಂದ್ರದ ಮೇಡಂ, ಪುಸ್ತಕದ ಡಬ್ಬನ ನನ್ನ ಟೇಬಲ್ ಪಕ್ಕದಿಂದ ತೆಗೆದು ಕಿಟಕಿ ಕಟ್ಟೆ ಮೇಲೆ ಇಟ್ಟೆ, ಯಾರ್ ಯಾವಾಗ ಬೇಕಾದ್ರೂ ತಗೋಬಹುದು. ಊಟದ ಬಿಡುವಲ್ಲಿ ಒಂದೊಂದು ಪುಸ್ತಕಕ್ಕೆ ಮೂರ್ ಮೂರ್ ತಲೆ ಕಾಣ್ತಿವೆ ಈಗ.

ಸಂಭ್ರಮ ಶನಿವಾರದ ದಿನ ಬ್ಯಾಗ್ ಇರಲ್ವಲ್ಲ, ಅವತ್ತು ನಡಕಟ್ಟಿನವರ ಅಲಾರಂ ಕಥೆ ಹೇಳ್ದೆ, ನೀವು ಹೇಳಿದ ಹಾಗೇ ನಗು, ಜಗಳ. ಆಮೇಲೆ ಅವ್ರು ಹುಣಸೆ ಬೀಜ ತೆಗೆಯೋ ಯಂತ್ರ ಮಾಡಿದಾರೆ ಅಂತಷ್ಟೇ ಹೇಳಿ, ಹೇಗೆ ಅಂತ ಹೇಳ್ದೆ ಒಂದು ಬುಟ್ಟಿ ಹುಣಸೆಹಣ್ಣು, ನಾಲ್ಕು ಸಣ್ಣ ಸುತ್ತಿಗೆ, ಕಲ್ಲು ಮುಂದಿಟ್ಟೆ. ನಾನು ಹೇಳ್ಕೊಡೋದೇ ಬೇಕಾಗ್ಲಿಲ್ಲ, ಬೇಸಿಗೆ ಬಂತು ಅಂದ್ರೆ ಇವ್ರ ಮನೆಗಳಲ್ಲಿ ಅಮ್ಮ ಅಜ್ಜಿ ಜೊತೆ ಕೂತು ಜಜ್ಜೋದು ಇವರೇ. ಒಬ್ಳು ಹಣ್ಣನ್ನ ಸೀಳಿ ನನ್ನ ಮುಂದೆ ಹಿಡಿದು ತೋರಿಸಿದ್ಳು, "ನೋಡಿ ಸಾರ್, ಹೊಡ್ದ ತಕ್ಷಣ ಬೀಜ ಈ ಕಡೆ ಜಾರುತ್ತೆ, ನಾರು ಮಾತ್ರ ಬಿಡಲ್ಲ, ಮಷಿನ್ನಿಗೆ ಕಷ್ಟ ಆಗೋದು ಬೀಜ ಅಲ್ಲ ನಾರು" ಅಂದ್ಳು. ಅದೇ ಹುಡುಗಿ, ಇನ್ನೇನ್ ಉಳ್ದಿದೆ ಅಂದಿದ್ದವಳು.

ಇನ್ನೊಬ್ಬ ಇದಾನೆ, ಓದೋಕೆ ಕರೆದ್ರೆ ತಲೆ ತಗ್ಗಿಸ್ಕೊಂಡು ನಿಲ್ಲೋನು, ಇಡೀ ವರ್ಷ ಅವನ ದನಿ ನಾನು ಸರಿಯಾಗಿ ಕೇಳಿಲ್ಲ. ಅವನು ಬುಟ್ಟಿಯಿಂದ ಒಂದೊಂದೇ ಹಣ್ಣು ಒತ್ತಿ ನೋಡಿ ಎರಡು ಗುಡ್ಡೆ ಮಾಡ್ತಿದ್ದ. ಏನಪ್ಪಾ ಅದು ಅಂದೆ. "ಇದು ಹಸಿ ಐತೆ ಸಾರ್, ಸುತ್ತಿಗೆಗೆ ಅಂಟ್ಕೊಳತ್ತೆ, ಬಿಸ್ಲಿಗೆ ಹಾಕಿ ಒಣಗಿಸಿದ್ರೆ ಬೀಜ ಸಲೀಸಾಗಿ ಬಿಡುತ್ತೆ, ಮಷಿನ್ಗೆ ಹಾಕೋಕ್ ಮುಂಚೆ ಇದನ್ನ ಬೇರೆ ಮಾಡ್ಬೇಕು" ಅಂದ. ಕ್ಲಾಸಿಗೆ ಕ್ಲಾಸೇ ಅವನ ಕಡೆ ತಿರುಗಿ ನೋಡ್ತು. ಈಗ ಹುಡುಗ್ರು ಎರಡು ಗುಂಪಾಗಿ ನಕ್ಷೆ ಬರೀತಿದಾರೆ, ಒಂದು ಗುಂಪು ರೊಟ್ಟಿ ಲಟ್ಟಣಿಗೆ ಥರ ಎರಡು ಉರುಳೆ ಮಧ್ಯ ಹಣ್ಣು ಬಿಡ್ತೀವಿ ಅಂತಿದೆ, ಇನ್ನೊಂದು ಬಾಚಣಿಗೆ ಹಲ್ಲಿನ ಥರ ಏನೋ ಬರೆದು ನಾರು ಮೊದ್ಲು ಎಳೀಬೇಕು ಅಂತಿದೆ. ಹೆಣ್ಮಕ್ಳೆಲ್ಲ ತಾರೀಖು ಹಾಕಿ ಸೈನ್ ಮಾಡಿದಾರೆ ಮೈಸೂರಿನ ಮೇಡಂ.

ಅಣ್ಣಿಗೇರಿ ಸರ್, ನಿಮ್ಮನ್ನ ಒಂದು ಕೇಳ್ಬೇಕಿತ್ತು. ನಡಕಟ್ಟಿನವರ ಆ ಹುಣಸೆ ಯಂತ್ರದ್ದು ಹತ್ತಿರದಿಂದ ತೆಗೆದ ಫೋಟೋ, ಒಳಗಿನ ಭಾಗ ಕಾಣೋ ಥರದ್ದು ಸಿಗುತ್ತಾ? ಈಗ್ಲೇ ಮಕ್ಳಿಗೆ ತೋರಿಸಲ್ಲ, ಅವರ ನಕ್ಷೆ ಮುಗಿದ್ಮೇಲೆ ಪಕ್ಕದಲ್ಲಿಟ್ಟು ನೋಡೋಣ ಅಂತ. ಮುಂದಿನ ಶನಿವಾರದೊಳಗೆ ಸಿಕ್ಕಿದ್ರೆ ಬಹಳ ಉಪಕಾರ ಆಗುತ್ತೆ.

ಅಣ್ಣಿಗೇರಿ ಹತ್ರದವ:

ನಾಳೆ ರವಿವಾರ ಐತ್ರಿ, ನಾನ ಹೋಗಿ ಕೇಳಿಕೊಂಡು ತಕ್ಕೊಂಡು ಬರತೇನಿ. ಆ ಒಣಾ ಹಸಿ ಬ್ಯಾರೆ ಮಾಡಿದ ಹುಡುಗನ ಮಾತನ್ನೂ ಅಲ್ಲಿ ಹೇಳತೇನಿ.